ಕೈಪಂಪಿನ ಹೈಡ್ರಾಲಿಕ್ ಕಟ್ಟಿಗೆ ಸೀಳುವ ಯಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಊರುಗಳಲ್ಲಿ ಗ್ಯಾಸ್ ಸಿಲಿಂಡರ್ ಬಂದ ಮೇಲೂ ಹಿತ್ತಲಿನ ಕಟ್ಟಿಗೆ ರಾಶಿ ಕರಗಿಲ್ಲ. ಸ್ನಾನದ ನೀರಿನ ಹಂಡೆ, ಜೋಳದ ರೊಟ್ಟಿಯ ಒಲೆ, ಮದುವೆ ಜವಳಗಳಿಗೆ ಅಂಗಳದಲ್ಲಿ ಹೂಡುವ ದೊಡ್ಡ ಒಲೆ, ಇವೆಲ್ಲ ಇಂದಿಗೂ ಕಟ್ಟಿಗೆಯನ್ನೇ ಬೇಡುತ್ತವೆ. ಆದರೆ ಕೊಡಲಿ ಎತ್ತಿ ಜಾಲಿಯ ಕೊರಡು ಒಡೆಯುವ ತೋಳುಗಳು ಮನೆಗಳಲ್ಲಿ ಕಡಿಮೆಯಾಗಿವೆ. ಆಳಂದ ತಾಲ್ಲೂಕಿನ ನಮ್ಮ ಮನೆಯಲ್ಲಿ, ಅಪ್ಪನಿಗೆ ಸೊಂಟನೋವು ಹತ್ತಿಕೊಂಡ ವರ್ಷ ಕೈಪಂಪಿನ ಯಂತ್ರವೊಂದನ್ನು ತಂದೆವು. ಅದನ್ನು ನೋಡಿದ ನೆಂಟರು, ಓಣಿಯವರು ಕೇಳಿದ ಪ್ರಶ್ನೆಗಳನ್ನೂ ಬಳಸುತ್ತ ಬಳಸುತ್ತ ನಮಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಬೇಕು: ಈ ಯಂತ್ರ ತೋಳಿನ ಕೆಲಸವನ್ನು ಮಾತ್ರ ವಹಿಸಿಕೊಳ್ಳುತ್ತದೆ, ಕಟ್ಟಿಗೆಯನ್ನು ಓದುವ ಕಣ್ಣು ನಮ್ಮದೇ ಇರಬೇಕು.

ಕರೆಂಟಿಲ್ಲ, ಎಂಜಿನ್ ಇಲ್ಲ. ಬರೀ ಕೈಬಲದಿಂದ ಅಷ್ಟು ಗಟ್ಟಿ ಕಟ್ಟಿಗೆ ಹೇಗೆ ಸೀಳುತ್ತದೆ?

ಲಾರಿಯ ಗಾಲಿ ಬಿಚ್ಚುವಾಗ ಕೆಳಗಿಡುವ ಹೈಡ್ರಾಲಿಕ್ ಜಾಕನ್ನು ಎಲ್ಲರೂ ನೋಡಿರುತ್ತೀರಿ. ಅದನ್ನೇ ಮಲಗಿಸಿ, ಉದ್ದನೆಯ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದಾರೆ ಎಂದುಕೊಂಡರೆ ಅರ್ಧ ತಿಳಿದಂತೆ. ಚೌಕಟ್ಟಿನ ಒಂದು ತುದಿಯಲ್ಲಿ ಅಲುಗಾಡದ ಉಕ್ಕಿನ ಬೆಣೆ ಇರುತ್ತದೆ, ಇನ್ನೊಂದು ತುದಿಯಿಂದ ದಪ್ಪ ರಾಡು ಮುಂದೆ ಬಂದು ಕಟ್ಟಿಗೆಯ ತುಂಡನ್ನು ಆ ಬೆಣೆಗೆ ಒತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ವಿವರಿಸಿದ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ನಿಯಮದ ಮೇಲೆ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ನಮ್ಮ ಹಿತ್ತಲಿನ ಯಂತ್ರ ಆ ಪ್ರೆಸ್ಸಿನ ಮೊಮ್ಮಗು.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ಪಂಪಿನ ಸಣ್ಣ ಪಿಸ್ಟನ್ 1 ಸೆಂಟಿಮೀಟರ್ ಅಡ್ಡಳತೆಯದು, ದೊಡ್ಡ ರಾಡಿನ ಪಿಸ್ಟನ್ 4 ಸೆಂಟಿಮೀಟರಿನದು ಎಂದು ಇಟ್ಟುಕೊಳ್ಳಿ. ಅಡ್ಡಳತೆ 4 ಪಟ್ಟು ಆದರೆ ಮೇಲ್ಮೈ 16 ಪಟ್ಟು ಆಗುತ್ತದೆ. ಹ್ಯಾಂಡಲಿನ ಉದ್ದ ಕೈಯ ಬಲವನ್ನು ಸುಮಾರು 20 ಪಟ್ಟು ಮಾಡುತ್ತದೆ ಎಂದಾದರೆ, ನೀವು 25 ಕೆಜಿಯಷ್ಟು ಭಾರ ಹಾಕಿ ತಳ್ಳಿದಾಗ ರಾಡಿನ ತುದಿಯಲ್ಲಿ 25ನ್ನು 20ರಿಂದಲೂ 16ರಿಂದಲೂ ಗುಣಿಸಿದಷ್ಟು, ಅಂದರೆ 8,000 ಕೆಜಿಯ ಒತ್ತಡ ಹುಟ್ಟುತ್ತದೆ. ತಿಕ್ಕಾಟದಲ್ಲಿ ಹೋಗುವುದು ಹೋಗಿ ಉಳಿದದ್ದು ಕಟ್ಟಿಗೆಗೆ. ಆದರೆ ಈ ಬಲ ಪುಕ್ಕಟೆ ಸಿಗುವುದಿಲ್ಲ. ಸಣ್ಣ ಪಿಸ್ಟನ್ 2 ಸೆಂಟಿಮೀಟರ್ ಚಲಿಸಿದರೆ ದೊಡ್ಡ ರಾಡು ಮುಂದೆ ಬರುವುದು ಒಂದೂಕಾಲು ಮಿಲಿಮೀಟರ್ ಮಾತ್ರ. ಹೀಗಾಗಿಯೇ ಹಲವು ಯಂತ್ರಗಳಲ್ಲಿ ಎರಡು ಹ್ಯಾಂಡಲ್ ಕೊಟ್ಟಿರುತ್ತಾರೆ: ಒಂದು ರಾಡನ್ನು ಬೇಗ ಬೇಗ ಕಟ್ಟಿಗೆಯ ಹತ್ತಿರ ತರುತ್ತದೆ, ಇನ್ನೊಂದು ನಿಧಾನವಾಗಿ ಪೂರ್ತಿ ಬಲ ಹಾಕುತ್ತದೆ.

ನಮ್ಮ ಕಡೆ ಸಿಗುವ ಯಾವ ಯಾವ ಕಟ್ಟಿಗೆಗೆ ಇದು ಆಗುತ್ತದೆ?

ಜನ ಕೇಳಬೇಕಾದ ಮೊದಲ ಪ್ರಶ್ನೆ ಇದು, ಆದರೆ ಹೆಚ್ಚಿನವರು ಟನ್ನು ಎಷ್ಟು, ದರ ಎಷ್ಟು ಎಂದೇ ಕೇಳುತ್ತಾರೆ.

ಜಾಲಿ ಈ ಯಂತ್ರಕ್ಕೆ ಒಪ್ಪುವ ಕಟ್ಟಿಗೆ. ನೆಟ್ಟಗೆ ಬೆಳೆದ ಜಾಲಿಯ ತುಂಡನ್ನು ಬೆಣೆಗೆ ಕೊಟ್ಟು ಹ್ಯಾಂಡಲ್ ಆಡಿಸಿದರೆ, ಮೊದಲು ಏನೂ ಆಗದಂತೆ ಕಾಣುತ್ತದೆ. ಕೈಗೆ ಬಿಗಿ ಏರುತ್ತ ಹೋಗುತ್ತದೆ. ತೊಗಟೆಯ ಮೇಲೆ ಕೂದಲೆಳೆಯಂಥ ಗೆರೆಯೊಂದು ಮೂಡುತ್ತದೆ. ಆಮೇಲೆ ಚಟ್ ಎಂದು ಒಂದೇ ಸದ್ದಿಗೆ ತುಂಡು ಎರಡಾಗಿ, ಒಳಗಿನ ಕೆಂಪುಗಂದು ಕೆಚ್ಚು ತೆರೆದುಕೊಳ್ಳುತ್ತದೆ. ಬೇವು ಕೂಡ ಚೆನ್ನಾಗಿ ಸೀಳುತ್ತದೆ, ಆದರೆ ಕವಲು ಒಡೆದ ಜಾಗವನ್ನು ಬಿಟ್ಟು ಕೊಯ್ಯಿಸಬೇಕು. ಮಾವು ಮೆತ್ತಗಿನ ಮರ, ಯಂತ್ರಕ್ಕೆ ಶ್ರಮವೇ ಅಲ್ಲ. ಒಲೆಯಲ್ಲಿಯೂ ಅಷ್ಟೇ ಬೇಗ ಉರಿದು ಮುಗಿಯುತ್ತದೆ. ನೀಲಗಿರಿಯನ್ನು ಹಸಿ ಇದ್ದಾಗಲೇ ಸೀಳಿಬಿಡಬೇಕು, ಒಣಗಿದ ಮೇಲೆ ಅದು ಬಿಗಿಯಾಗುತ್ತದೆ, ಎಷ್ಟೋ ತುಂಡುಗಳಲ್ಲಿ ಎಳೆ ತಿರುಚಿಕೊಂಡಿರುತ್ತದೆ.

ಹುಣಸೆ ಬೇರೆಯೇ ಜಾತಿ. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬೆಣೆ ಒಳಗೆ ಹೋದರೂ ತುಂಡು ಬಿಡುವುದಿಲ್ಲ, ನಾರು ಹಿಡಿದುಕೊಂಡೇ ಇರುತ್ತದೆ. ಹುಣಸೆಯ ಬೊಡ್ಡೆಯನ್ನು ನಡುವಿನಿಂದ ಸೀಳಲು ಹೋಗದೆ, ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುತ್ತ ಬರುವುದು ಒಂದೇ ದಾರಿ. ಬುಡದ ಗಂಟಿನ ಭಾಗವನ್ನು ನಾವು ಸೀಳುವುದೇ ಇಲ್ಲ. ಹಾಗೆಯೇ ಮದುವೆ ಒಲೆಗೆ ಎತ್ತಿಡುತ್ತೇವೆ.

ಬಳ್ಳಾರಿ ಜಾಲಿಯ ಬಗ್ಗೆ ಹೆಚ್ಚು ಜನ ಕೇಳುತ್ತಾರೆ, ಏಕೆಂದರೆ ಹಳ್ಳದ ದಂಡೆ, ಬೀಳು ಹೊಲ, ರಸ್ತೆಯ ಬದಿ ಎಲ್ಲ ಕಡೆಗೂ ಅದೇ ಹಬ್ಬಿದೆ. ಉರುವಲಿಗೆ ಅದು ಒಳ್ಳೆಯದು, ಕೆಂಡವೂ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಅದರ ಟೊಂಗೆಗಳು ಸೊಟ್ಟ, ಹೆಚ್ಚಿನವು ಮೊಣಕೈ ದಪ್ಪ ದಾಟುವುದಿಲ್ಲ; ಅಂಥವನ್ನು ಸೀಳುವ ಅಗತ್ಯವೂ ಇಲ್ಲ. ಮುಳ್ಳನ್ನು ಪೂರ್ತಿ ಸವರಿದ ಮೇಲೆಯೇ ಯಂತ್ರದ ಹತ್ತಿರ ತನ್ನಿ, ಹವಾಯಿ ಚಪ್ಪಲಿಯ ಅಟ್ಟೆಯನ್ನು ಆ ಮುಳ್ಳು ಸಲೀಸಾಗಿ ದಾಟುತ್ತದೆ. ಇನ್ನು ತೊಗರಿ ಕಟ್ಟಿಗೆಗೆ ಯಂತ್ರದ ಮಾತೇ ಬೇಡ. ತೊಗರಿಯ ನಾಡಿನವರಾದ ನಮಗೆ ರಾಶಿ ಮುಗಿದ ಮೇಲೆ ಅದು ಹೊಲದಿಂದಲೇ ಬರುತ್ತದೆ, ಒಲೆ ಹೊತ್ತಿಸಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಎಷ್ಟು ಟನ್ನಿನದು ಕೊಳ್ಳಬೇಕು?

ಮನೆ ಬಳಕೆಗೆ ಬರುವ ಎರಡು ಹ್ಯಾಂಡಲಿನ ಕೈಯಂತ್ರಗಳಲ್ಲಿ 10 ಟನ್ನಿನದು ಸಾಮಾನ್ಯ. ಕಾಲಿನಿಂದ ತುಳಿಯುವ ಸಣ್ಣ ಯಂತ್ರಗಳೂ ಇವೆ, ಅವುಗಳ ಬಲ ಒಂದು ಒಂದೂವರೆ ಟನ್ನಿನ ಆಸುಪಾಸು ಇರುವುದರಿಂದ ಒಣ ಜಾಲಿಗೆ ಸಾಲುವುದಿಲ್ಲ. ಟನ್ನಿಗಿಂತ ಮುಖ್ಯವಾಗಿ ನೋಡಬೇಕಾದದ್ದು, ಒಳಗಿನ ಎಣ್ಣೆ ಸೋರದಂತೆ ತಡೆಯುವ ಬಳೆ, ಅಂದರೆ ಸೀಲು ಹೋದಾಗ ಬದಲಿ ಸೀಲು ಸಿಗುತ್ತದೆಯೇ ಎಂಬುದು. ಟ್ರ್ಯಾಕ್ಟರ್ ಜಾಕು ದುರಸ್ತಿ ಮಾಡುವ ಗ್ಯಾರೇಜಿನವರಿಗೆ ಯಂತ್ರದ ಅಳತೆಯನ್ನು ತೋರಿಸಿ, ಇದರ ಸೀಲು ಹಾಕಿಕೊಡುತ್ತೀರಾ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ನಾವು ಹಾಗೆ ಕೇಳದೆ ತಂದು, ಮೊದಲ ಸಲ ಸೀಲು ಸೋರಿದಾಗ ಎರಡು ತಿಂಗಳು ಯಂತ್ರವನ್ನು ಮೂಲೆಯಲ್ಲಿ ನಿಲ್ಲಿಸಬೇಕಾಯಿತು.

ತುಂಡುಗಳನ್ನು ಎಷ್ಟು ಉದ್ದ ಕೊಯ್ಯಿಸಬೇಕು?

ಹೆಚ್ಚಿನ ಯಂತ್ರಗಳು 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿಯ ತುಂಡನ್ನು ಹಿಡಿಸುತ್ತವೆ. ನಿಮ್ಮ ಯಂತ್ರದ ಅಳತೆಗಿಂತ ಎರಡು ಮೂರು ಬೆರಳು ಕಡಿಮೆ ಇರಲಿ, ಅದಕ್ಕಿಂತ ಗಿಡ್ಡ ಬೇಡ. ತುಂಡು ಗಿಡ್ಡವಾದಷ್ಟೂ ರಾಡು ಖಾಲಿ ಜಾಗ ದಾಟಿ ಬರಬೇಕು, ಆ ಖಾಲಿ ಜಾಗಕ್ಕೆಲ್ಲ ನಿಮ್ಮ ತೋಳೇ ಹ್ಯಾಂಡಲ್ ಹೊಡೆಯಬೇಕು. ಕಟ್ಟಿಗೆ ಅಡ್ಡೆಯಲ್ಲಿ ಕೊಯ್ಯಿಸುವಾಗ ಒಂದು ಅಳತೆಗೋಲು ಕೊಟ್ಟು ಎಲ್ಲವನ್ನೂ ಅದೇ ಉದ್ದಕ್ಕೆ ಕೊಯ್ಯಿಸಿದರೆ ದಿನದ ಕೆಲಸ ಅರ್ಧ ದಿನಕ್ಕೆ ಇಳಿಯುತ್ತದೆ. ಎರಡೂ ಮುಖಗಳು ನೇರವಾಗಿ ಇರಬೇಕು. ಓರೆಯಾಗಿ ಕೊಯ್ದ ತುಂಡು ಒತ್ತಡ ಬಿದ್ದೊಡನೆ ಮೇಲಕ್ಕೆ ಏಳುತ್ತದೆ ಇಲ್ಲವೇ ಪಕ್ಕಕ್ಕೆ ಜಾರುತ್ತದೆ.

ಯಂತ್ರವನ್ನು ಎಲ್ಲಿ ಇಡಬೇಕು?

ಶಹಾಬಾದ್ ಕಲ್ಲು ಹಾಸಿದ ಅಂಗಳವಿದ್ದರೆ ಅದೇ ಒಳ್ಳೆಯ ಜಾಗ. ಕಲ್ಲು ನುಣುಪಾಗಿದ್ದರೆ ಕೆಳಗೆ ಹಳೆಯ ರಬ್ಬರ್ ಚಾಪೆಯ ತುಂಡನ್ನೋ ಗೋಣಿಚೀಲವನ್ನೋ ಹಾಸಿ, ಹ್ಯಾಂಡಲ್ ಆಡಿಸುವಾಗ ಯಂತ್ರ ಸರಿಯುವುದಿಲ್ಲ. ಎರೆ ಮಣ್ಣಿನ ನೆಲದ ಮೇಲೆ ಹಾಗೇ ಇಡಬೇಡಿ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ಎತ್ತರ ತಗ್ಗಾಗಿರುತ್ತದೆ, ಮಳೆಗಾಲದಲ್ಲಿ ಒಂದು ಕಡೆಯ ಕಾಲು ಹೂತುಹೋಗಿ ಯಂತ್ರ ವಾಲುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ತೊಂದರೆ ಕಡಿಮೆ. ನಮ್ಮ ಬಿಸಿಲಿನ ಬಗ್ಗೆಯೂ ಹೇಳಲೇಬೇಕು: ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ಯಂತ್ರವೂ ಬೇಡ, ನೀವೂ ಬೇಡ, ಇಬ್ಬರೂ ಬೇವಿನ ನೆರಳಿನಲ್ಲಿರಿ, ಕೆಲಸ ಏನಿದ್ದರೂ ಬೆಳಗಿನ 9 ಗಂಟೆಯೊಳಗೆ.

ಮೊದಲ ಸಲ ಬಳಸುವಾಗ ಯಾವ ಕ್ರಮದಲ್ಲಿ ಮಾಡಬೇಕು?

ಹೊಸ ಯಂತ್ರದ ಸಿಲಿಂಡರಿನಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಒತ್ತಡ ಬಿಡುವ ವಾಲ್ವನ್ನು ಎಡಕ್ಕೆ ತಿರುಗಿಸಿ ಸಡಿಲಿಸಿ, ಹ್ಯಾಂಡಲನ್ನು ಹತ್ತಾರು ಬಾರಿ ಪೂರ್ತಿ ಮೇಲೆ ಕೆಳಗೆ ಆಡಿಸಿ, ನಂತರ ವಾಲ್ವನ್ನು ಬಲಕ್ಕೆ ತಿರುಗಿಸಿ ಮುಚ್ಚಿ. ಗಾಳಿ ಉಸಿರಾಡಲು ಬೇರೆ ಸಣ್ಣ ತಿರುಪು ಕೊಟ್ಟಿರುವ ಯಂತ್ರಗಳಲ್ಲಿ, ಕೆಲಸಕ್ಕೆ ಮೊದಲು ಅದನ್ನು ಸ್ವಲ್ಪ ಸಡಿಲಿಸಬೇಕು, ಕೆಲಸ ಮುಗಿದು ಯಂತ್ರವನ್ನು ಎತ್ತಿಡುವಾಗ ಬಿಗಿ ಮಾಡಬೇಕು. ಮರೆತರೆ ಮೊದಲನೆಯದರಲ್ಲಿ ಸೀಲು ಕೆಡುತ್ತದೆ, ಎರಡನೆಯದರಲ್ಲಿ ಎಣ್ಣೆ ಚೆಲ್ಲುತ್ತದೆ.

ಆಮೇಲೆ ಕಟ್ಟಿಗೆಯ ಸರದಿ. ತುಂಡಿನ ಕೊಯ್ದ ಮುಖವನ್ನು ನೋಡಿ. ಒಣಗುವಾಗ ನಡುವಿನಿಂದ ಹೊರಗೆ ಬಿರುಕುಗಳು ಬಿಟ್ಟಿರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದು ಯಾವುದೋ ಅದು ಬೆಣೆಯ ಅಲಗಿನ ನೇರಕ್ಕೆ ಬರುವಂತೆ ತುಂಡನ್ನು ಹೊರಳಿಸಿ. ಅಪ್ಪ ಕೊಡಲಿಯಲ್ಲಿ ಒಡೆಯುವಾಗಲೂ ಮೊದಲು ತುಂಡನ್ನು ಎತ್ತಿ, ಮುಖದ ಮೇಲೆ ಹೆಬ್ಬೆರಳು ಆಡಿಸಿ ಬಿರುಕು ಹುಡುಕುತ್ತಿದ್ದರು. ಯಂತ್ರ ಬಂದ ಮೇಲೆಯೂ ಅವರ ಹೆಬ್ಬೆರಳಿಗೆ ಅದೇ ಕೆಲಸ. ಪಕ್ಕದಲ್ಲಿ ಗಂಟು ಇದ್ದರೆ, ಗಂಟಿರುವ ತುದಿಯನ್ನು ಬೆಣೆಗೆ ಕೊಡದೆ ರಾಡಿನ ಕಡೆಗೆ ಇಡಿ. ತುಂಡನ್ನು ಯಾವಾಗಲೂ ಉದ್ದಕ್ಕೆ ಮಲಗಿಸಿ. ಅಡ್ಡ ಇಟ್ಟು ಎಳೆಗಳನ್ನು ಕತ್ತರಿಸಲು ಯತ್ನಿಸಿದರೆ ಕಟ್ಟಿಗೆ ಸಿಡಿಯುತ್ತದೆ, ರಾಡು ಬಾಗುವ ಅಪಾಯವೂ ಇದೆ.

ತುಂಡು ಕೂತ ಮೇಲೆ ಎರಡೂ ಕೈಗಳು ಹ್ಯಾಂಡಲಿನ ಮೇಲೆ ಇರಬೇಕು. ತುಂಡು ಬೆಣೆಗೆ ತಾಗುವವರೆಗೆ ಬೇಗ, ತಾಗಿದ ಮೇಲೆ ನಿಧಾನ. ಸೀಳು ಬಿದ್ದೊಡನೆ ನಿಲ್ಲಿಸಿ ವಾಲ್ವನ್ನು ನಿಧಾನವಾಗಿ ಸಡಿಲಿಸಿದರೆ ಸ್ಪ್ರಿಂಗು ರಾಡನ್ನು ಹಿಂದಕ್ಕೆ ಎಳೆಯುತ್ತದೆ. ಜಾಲಿಯ ತುಂಡು ಸಾಮಾನ್ಯವಾಗಿ ಬೆಣೆ ನಾಲ್ಕು ಬೆರಳು ಒಳಗೆ ಹೋಗುವಷ್ಟರಲ್ಲಿ ಬಾಯಿ ಬಿಡುತ್ತದೆ, ಕೊನೆಯವರೆಗೂ ಒತ್ತುವ ಅಗತ್ಯವಿಲ್ಲ.

ತುಂಡು ಅರ್ಧ ಸೀಳಿ ಬೆಣೆಗೆ ಸಿಕ್ಕಿಕೊಂಡರೆ ಏನು ಮಾಡಬೇಕು?

ಮೊದಲು ವಾಲ್ವನ್ನು ಬಿಟ್ಟು ರಾಡು ಪೂರ್ತಿ ಹಿಂದೆ ಹೋಗಲಿ. ಒತ್ತಡ ಉಳಿದಿರುವಾಗ ತುಂಡಿಗೆ ಏಟು ಹಾಕಬೇಡಿ. ಆಮೇಲೆ ತುಂಡಿನ ದೂರದ ತುದಿಗೆ ಕಟ್ಟಿಗೆಯ ಸುತ್ತಿಗೆಯಿಂದ ಪಕ್ಕದಿಂದ ಮೆಲ್ಲಗೆ ಬಡಿದರೆ ಬಿಡುತ್ತದೆ. ಬಿಡಿಸಿಕೊಂಡ ಮೇಲೆ ತುದಿ ಬದಲಿಸಿ, ಇನ್ನೊಂದು ಮುಖದಿಂದ ಪ್ರಯತ್ನಿಸಿ. ಎರಡು ಸಲಕ್ಕೂ ಆಗದಿದ್ದರೆ ಆ ತುಂಡನ್ನು ಪಕ್ಕಕ್ಕೆ ಇಡಿ. ಮೂರನೆಯ ಸಲ ಹಟ ಹಿಡಿದದ್ದರಿಂದಲೇ ನಮ್ಮ ಸೀಲು ಹೋದದ್ದು ಎಂದು ನನಗೆ ಅನಿಸುತ್ತದೆ.

ಇಷ್ಟು ನಿಧಾನದ ಯಂತ್ರದಿಂದ ಏನು ಅಪಾಯ?

ನಿಧಾನವೇ ಇದರ ಅಪಾಯ. ಕೊಡಲಿಯ ಮುಂದೆ ಯಾರೂ ಬೆರಳು ಇಡುವುದಿಲ್ಲ, ಆದರೆ ನಿಧಾನವಾಗಿ ಬರುವ ರಾಡಿನ ಮುಂದೆ ಕೈ ತಾನಾಗಿಯೇ ಹೋಗುತ್ತದೆ. ಎರಡನೆಯ ವರ್ಷ ಬೇವಿನ ಓರೆ ತುಂಡೊಂದನ್ನು ನಾನು ಎಡಗೈಯಿಂದ ಹಿಡಿದುಕೊಂಡು, ಬಲಗೈಯಿಂದ ಹ್ಯಾಂಡಲ್ ಆಡಿಸುತ್ತಿದ್ದೆ. ತುಂಡು ಒಮ್ಮೆಗೇ ಹೊರಳಿ ನನ್ನ ತೋರುಬೆರಳಿನ ತುದಿಯನ್ನು ಚೌಕಟ್ಟಿಗೆ ಒತ್ತಿತು. ಉಗುರು ಹೋಯಿತು, ಬೆರಳು ಉಳಿಯಿತು. ವಾಲ್ವ್ ಬಿಡಲು ಬಲಗೈ ತಡವರಿಸಿದ ಆ ಎರಡು ಮೂರು ಕ್ಷಣ ಇನ್ನೂ ಮರೆತಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಬ್ಬರು ತುಂಡು ಹಿಡಿದು ಇನ್ನೊಬ್ಬರು ಹ್ಯಾಂಡಲ್ ಆಡಿಸುವ ಪದ್ಧತಿಯೇ ಇಲ್ಲ. ಯಂತ್ರದ ಹತ್ತಿರ ಒಬ್ಬರೇ ಇರಬೇಕು, ಇಡುವವರೂ ಅವರೇ, ಒತ್ತುವವರೂ ಅವರೇ. ಮಕ್ಕಳು ಕಟ್ಟೆಯ ಮೇಲೆ ಕೂತು ನೋಡಲಿ.

ಸೀರೆಯ ಸೆರಗು, ದುಪಟ್ಟಾ, ಹೆಗಲ ಮೇಲಿನ ಟವೆಲ್ಲನ್ನು ಬಿಗಿದು ಸಿಕ್ಕಿಸಿಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ, ಒಣ ಜಾಲಿಯ ಚಕ್ಕೆ ಹಾರುವ ದಿಕ್ಕನ್ನು ಮೊದಲೇ ಹೇಳಲಾಗದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಒತ್ತಡದಲ್ಲಿರುವ ಸಿಲಿಂಡರ್ ಅಥವಾ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ, ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಮಾಂಸದೊಳಗೆ ಹೋಗಬಲ್ಲದು. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು ಇರುತ್ತದೆ, ನೋವೂ ಮೊದಲು ಕಡಿಮೆ. ಆದರೆ ತಡಮಾಡಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ಸೋರಿಕೆ ಎಲ್ಲಿದೆ ಎಂದು ಎಂದಿಗೂ ಕೈಯಿಂದ ಸವರಿ ಹುಡುಕಬೇಡಿ. ಕೈಯನ್ನು ದೂರವಿಟ್ಟು ರಟ್ಟಿನ ತುಂಡು ಹಿಡಿದು ನೋಡಿ, ಒತ್ತಡ ಪೂರ್ತಿ ಬಿಟ್ಟ ಮೇಲೆಯೇ ಆ ಜಾಗವನ್ನು ಮುಟ್ಟಿ. ಎಣ್ಣೆ ಚುಚ್ಚಿತು ಎಂಬ ಸಂಶಯ ಬಂದರೂ ಸಾಕು, ಅರಿಶಿನ ಹಚ್ಚಿ ಕೂರದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಿ.

ಹ್ಯಾಂಡಲಿಗೆ ಕಬ್ಬಿಣದ ಪೈಪು ಸೇರಿಸಿ ಉದ್ದ ಮಾಡಿಕೊಂಡರೆ ಹಗುರಾಗುವುದಿಲ್ಲವೇ?

ಹಗುರಾಗುತ್ತದೆ, ಯಂತ್ರವೂ ಹಾಳಾಗುತ್ತದೆ. ಕೊಟ್ಟ ಹ್ಯಾಂಡಲಿನಿಂದ ಆಗದ ತುಂಡು ಆ ಯಂತ್ರದ ಅಳವಿನದಲ್ಲ.

ಹಸಿ ಇದ್ದಾಗ ಸೀಳಬೇಕೋ, ಒಣಗಿದ ಮೇಲೋ?

ಬೇವು, ನೀಲಗಿರಿ, ಮಾವನ್ನು ಕಡಿದ ಕೆಲವು ವಾರಗಳಲ್ಲೇ ಸೀಳುವುದು ಒಳ್ಳೆಯದು. ಜಾಲಿ ಸ್ವಲ್ಪ ಒಣಗಿ ಮುಖದಲ್ಲಿ ಬಿರುಕು ಬಿಟ್ಟ ಮೇಲೆ ಇನ್ನೂ ಚೆನ್ನಾಗಿ ಬಿಡುತ್ತದೆ. ಯಾವುದೇ ಆದರೂ ಇಡೀ ತುಂಡಾಗಿ ಒಣಗಿಸುವುದಕ್ಕಿಂತ ಸೀಳಿ ಒಣಗಿಸುವುದು ಬೇಗ, ಏಕೆಂದರೆ ತೊಗಟೆ ಒಳಗಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ಒಲೆಗೆ ಹಾಕುವ ಹೊತ್ತಿಗೆ ಅದು 20 ಪ್ರತಿಶತಕ್ಕಿಂತ ಕೆಳಗೆ ಇಳಿದಿರಬೇಕು. ಇಲ್ಲದಿದ್ದರೆ ಉರಿಯ ಕಾವು ನೀರನ್ನು ಆವಿ ಮಾಡುವುದರಲ್ಲೇ ಕಳೆದು, ಅಡುಗೆಮನೆಗೆ ಹೊಗೆ ಮಾತ್ರ ಉಳಿಯುತ್ತದೆ. ಆ ಹೊಗೆಯಲ್ಲಿ ಕೆಮ್ಮುತ್ತ ರೊಟ್ಟಿ ಬಡಿಯುವವರು ಯಾರೆಂದು ಕಟ್ಟಿಗೆ ತರುವವರು ಒಮ್ಮೆ ನೆನೆಯಬೇಕು. ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದು ನೋಡಿ: ಒಣಗಿದ್ದರೆ ಟಣ್ ಎನ್ನುತ್ತವೆ, ಹಸಿ ಇದ್ದರೆ ಧಪ್ ಎನ್ನುತ್ತವೆ.

ಯಾವ ಎಣ್ಣೆ ಹಾಕಬೇಕು, ಯಾವಾಗ ಹಾಕಬೇಕು?

ಯಂತ್ರದ ಪುಸ್ತಿಕೆಯಲ್ಲಿ ಹೇಳಿದ ದರ್ಜೆಯ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕು. ಸಾಮಾನ್ಯವಾಗಿ ಅದು 32 ಅಥವಾ 46ರ ದರ್ಜೆಯದು. ಬ್ರೇಕ್ ಆಯಿಲ್ ಹಾಕಿದರೆ ಸೀಲು ಉಬ್ಬಿ ಕೆಡುತ್ತದೆ. ಗಾಡಿಯಿಂದ ತೆಗೆದ ಹಳೆಯ ಎಂಜಿನ್ ಆಯಿಲ್ಲಿನಲ್ಲಿ ಕಿಲುಬು, ಕಸ ಇರುತ್ತದೆ. ಎಣ್ಣೆಯ ಮಟ್ಟವನ್ನು ರಾಡು ಪೂರ್ತಿ ಒಳಗಿರುವಾಗ ನೋಡಬೇಕು, ಹೊರಗಿರುವಾಗ ನೋಡಿ ತುಂಬಿದರೆ ರಾಡು ಹಿಂದೆ ಬರುವಾಗ ಉಕ್ಕುತ್ತದೆ. ಡಿಸೆಂಬರ್, ಜನವರಿಯ ಬೀದರಿನ ಚಳಿಯಲ್ಲಿ ಬೆಳಗ್ಗೆ ಎಣ್ಣೆ ಮಂದವಾಗಿ ರಾಡು ತಡವಾಗಿ ಹಿಂದೆ ಸರಿಯುತ್ತದೆ. ಅದು ರೋಗವಲ್ಲ, ನಾಲ್ಕು ತುಂಡು ಸೀಳುವಷ್ಟರಲ್ಲಿ ಸರಿಹೋಗುತ್ತದೆ. ಆದರೆ ಹ್ಯಾಂಡಲ್ ಆಡಿಸಿದಾಗ ರಾಡು ಮುಂದೆ ಹೋಗಿ ತಾನೇ ಹಿಂದೆ ಜಾರುತ್ತಿದ್ದರೆ, ವಾಲ್ವ್ ಸರಿಯಾಗಿ ಮುಚ್ಚಿಲ್ಲ ಇಲ್ಲವೇ ಸೀಲು ಸವೆದಿದೆ ಎಂದೇ ಅರ್ಥ. ಕೆಲಸ ಮುಗಿದ ಮೇಲೆ ರಾಡನ್ನು ಒಣ ಬಟ್ಟೆಯಿಂದ ಒರೆಸಿ ಪೂರ್ತಿ ಒಳಗೆ ಬಿಟ್ಟು ಮುಚ್ಚಿಡಿ, ನಮ್ಮ ಕಡೆಯ ಧೂಳು ಸೀಲಿಗೆ ಉಪ್ಪುಕಾಗದವಿದ್ದಂತೆ.

ವಯಸ್ಸಾದವರು, ಹೆಣ್ಣುಮಕ್ಕಳು ಬಳಸಬಹುದೇ?

ಬಳಸಬಹುದು, ಯಂತ್ರ ಇರುವುದೇ ಅವರಿಗಾಗಿ. ನಮ್ಮ ಅವ್ವ ಒಂದು ಬೆಳಗ್ಗೆ ಹಂಡೆಗೆ ಬೇಕಾದ ಮೂರು ದಿನದ ಕಟ್ಟಿಗೆಯನ್ನು ಕೂತಲ್ಲಿಯೇ ಸೀಳುತ್ತಾರೆ. ಕಷ್ಟವಿರುವುದು ಹ್ಯಾಂಡಲಿನಲ್ಲಿ ಅಲ್ಲ, ಭಾರದ ತುಂಡನ್ನು ನೆಲದಿಂದ ಎತ್ತಿ ಚೌಕಟ್ಟಿಗೆ ಇಡುವುದರಲ್ಲಿ. ಅದಕ್ಕೆ ದಪ್ಪ ತುಂಡುಗಳನ್ನು ನಾವು ಮೊದಲೇ ಯಂತ್ರದಷ್ಟೇ ಎತ್ತರದ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಡುತ್ತೇವೆ, ಅವರು ಹೊರಳಿಸಿಕೊಂಡರೆ ಸಾಕು. ಬಸವಕಲ್ಯಾಣದ ನೆಲದಲ್ಲಿ 12ನೇ ಶತಮಾನದಲ್ಲಿ ಕಟ್ಟಿಗೆಯ ಹೊರೆ ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದ ಮೋಳಿಗೆ ಮಾರಯ್ಯನ ಹೆಸರನ್ನು ಅವ್ವ ಆಗಾಗ ನೆನೆಯುತ್ತಾರೆ. ಕಟ್ಟಿಗೆಯ ಕೆಲಸ ಕೀಳಲ್ಲ ಎಂಬ ಭಾವ ಅವರಿಗೆ ಅಲ್ಲಿಂದ ಬಂದದ್ದು.

ನಮ್ಮ ಹೊಲದ್ದೇ ಮರ, ಕಡಿಯಲು ಯಾರನ್ನಾದರೂ ಕೇಳಬೇಕೇ?

ಕೇಳಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು, ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ನಿಮ್ಮ ಮರ ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ತಾಲ್ಲೂಕಿನ ವಲಯ ಅರಣ್ಯ ಕಚೇರಿಯಲ್ಲಿ ಕೊಡಲಿ ಎತ್ತುವ ಮೊದಲೇ ವಿಚಾರಿಸಿ. ಗಾಳಿಗೆ ಬಿದ್ದ ಟೊಂಗೆ, ಒಣಗಿ ನಿಂತ ಕೊರಡು ಇರುವಾಗ ಹಸಿ ಮರದ ಕಡೆ ನೋಡುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಸಣ್ಣ ಸೀಳಬೇಕು, ಎಲ್ಲಿ ಒಟ್ಟಬೇಕು?

ರೊಟ್ಟಿಯ ಒಲೆಗೆ ಹೆಬ್ಬೆರಳಿನಿಂದ ಮುಂಗೈ ದಪ್ಪದವರೆಗೆ ಸಾಕು, ಹಂಚಿನ ಕೆಳಗೆ ಉರಿ ಒಂದೇ ಸಮನೆ ಹರಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಇರುವ ಮನೆಗಳಲ್ಲಿ ಬಾಯಿ ಚಿಕ್ಕದಿರುವುದರಿಂದ ಇನ್ನೂ ಸಣ್ಣಗೆ ಬೇಕು. ಹಂಡೆಗೆ ತುಂಡನ್ನು ನಾಲ್ಕು ಸೀಳು ಮಾಡಿದರೆ ಆಯಿತು, ಮದುವೆ ಒಲೆಗೆ ಎರಡು.

ಒಟ್ಟುವಾಗ ಕೆಳಗೆ ಕಲ್ಲು ಇಟ್ಟು ನೆಲದಿಂದ ಒಂದು ಗೇಣು ಎತ್ತರಿಸಿ, ಇಲ್ಲವಾದರೆ ಗೆದ್ದಲು ನಿಮಗಿಂತ ಮೊದಲು ಊಟಕ್ಕೆ ಕೂರುತ್ತದೆ. ಸೀಳುಗಳ ನಡುವೆ ಗಾಳಿ ಆಡಬೇಕು, ತೊಗಟೆಯ ಕಡೆ ಮೇಲೆ ಇರಬೇಕು. ಶಿವರಾತ್ರಿಯ ಹೊತ್ತಿಗೆ ಸೀಳಿ ಮುಗಿಸಿದರೆ ಇಡೀ ಬೇಸಿಗೆ ಒಣಗಲು ಸಿಗುತ್ತದೆ. ರೋಹಿಣಿ ಮಳೆ ಹಾದು ಮೃಗಶಿರಾ ಹತ್ತಿರ ಬರುವ ಮುನ್ನ ಮೇಲಿನ ಭಾಗಕ್ಕೆ ಮಾತ್ರ ತಗಡು ಹೊದಿಸಿ, ಪಕ್ಕಗಳನ್ನು ತೆರೆದಿಡಿ. ಮಳೆಗಾಲದಲ್ಲಿ ರಾಶಿಯಿಂದ ಕಟ್ಟಿಗೆ ಎಳೆಯುವಾಗ ಬರಿಗೈ ಹಾಕಬೇಡಿ. ಮೊದಲು ಕೋಲಿನಿಂದ ಎರಡು ಸಲ ತಟ್ಟಿ, ಚೇಳೋ ಹಾವೋ ಇದ್ದರೆ ಅದಕ್ಕೆ ಸರಿದು ಹೋಗಲು ಸಮಯ ಕೊಟ್ಟು, ಆಮೇಲೆ ಎಳೆದುಕೊಳ್ಳಿ.